ಕೂಸಿನ ನಿದ್ದೆ, ಮನೆಯ ಸಂಜೆ

ನೆರೆಯ ಮಹಾರಾಷ್ಟ್ರ ಸರಕಾರವು 2024ನೆಯ ಇಸವಿಯ ಫೆಬ್ರುವರಿಯಲ್ಲಿ ಒಂದು ಆಜ್ಞೆಯನ್ನು ಹೊರಡಿಸಿತು. ಶಿಶುವರ್ಗದಿಂದ ನಾಲ್ಕನೆಯ ಇಯತ್ತೆಯವರೆಗಿನ ಶಾಲೆಗಳು ಮುಂಜಾನೆ 9 ಗಂಟೆಗೆ ಮೊದಲು ಆರಂಭವಾಗಕೂಡದು ಎಂಬುದೇ ಆ ಆಜ್ಞೆ. ಮಕ್ಕಳು ರಾತ್ರಿ ತಡವಾಗಿ ಮಲಗುತ್ತಾರೆ, ಮುಂಜಾನೆ ಬೇಗನೆ ಏಳಬೇಕಾಗುತ್ತದೆ, ಅವರ ನಿದ್ದೆ ತುಂಬುತ್ತಿಲ್ಲ ಎಂದು ಅಂದಿನ ರಾಜ್ಯಪಾಲರಾದ ರಮೇಶ ಬೈಸ್ ಅವರು ಅದಕ್ಕೆ ಎರಡು ತಿಂಗಳ ಹಿಂದೆ ಸಮಾರಂಭವೊಂದರಲ್ಲಿ ಆಡಿದ ಮಾತು ಇದಕ್ಕೆ ಪ್ರೇರಣೆ. ಶಾಲಾವಾಹನದವರು ಗೊಣಗಿದರು, ಎರಡು ಪಾಳಿಗಳಲ್ಲಿ ನಡೆಯುವ ಶಾಲೆಯವರು ತಮ್ಮ ಕಷ್ಟ ತೋಡಿಕೊಂಡರು. ಅದೆಲ್ಲ ಇರಲಿ. ಕೂಸಿನ ನಿದ್ದೆಯು ರಾಜ್ಯದ ಕಾರಭಾರದೊಳಗೆ ಬರತಕ್ಕ ವಿಷಯವೆಂದು ಒಂದು ಸರಕಾರವು ಎಣಿಸಿತಲ್ಲ, ಅದು ನಾವು ನಿಂತು ನೋಡಬೇಕಾದ ಸಂಗತಿ.

ಆದರೆ ಆ ಆಜ್ಞೆ ಕೈಹಾಕಿದ್ದು ಮುಂಜಾನೆಗೆ. ರಾತ್ರಿಯ ಪ್ರಶ್ನೆ ಹಾಗೆಯೇ ಉಳಿದಿದೆ. ಏಳುವ ಹೊತ್ತನ್ನು ಸರಕಾರ ಗೊತ್ತುಮಾಡಬಲ್ಲುದು. ಕಣ್ಣು ಮುಚ್ಚುವ ಹೊತ್ತನ್ನು ಗೊತ್ತುಮಾಡಬಲ್ಲ ಸರಕಾರ ಭೂಮಿಯ ಮೇಲಿಲ್ಲ. ಹಾಸಿಗೆಗೆ ಹೋದ ಕೂಸು ಒಂದು ತಾಸು, ಒಂದೂವರೆ ತಾಸು ಹೊರಳಾಡುತ್ತದೆ, ನೀರು ಬೇಡುತ್ತದೆ, ಬಚ್ಚಲಿಗೆ ಹೋಗಬೇಕೆನ್ನುತ್ತದೆ, ಇನ್ನೊಂದು ಕಥೆ ಕೇಳುತ್ತದೆ, ಕೊನೆಗೆ ಅಳುತ್ತದೆ. ಅದಕ್ಕೆ ನಿದ್ದೆ ಏಕೆ ಬಾರದು? ಹೆತ್ತವರು ಏನು ಮಾಡಬೇಕು? ದಿನಪತ್ರಿಕೆಯ ಮೊದಲ ಪುಟದ ಸುದ್ದಿಗಳ ಬದಿಯಲ್ಲಿಟ್ಟು ನೋಡಿದರೆ ಈ ಪ್ರಶ್ನೆ ಸಣ್ಣದೆಂದು ತೋರೀತು; ರಾತ್ರಿ ಹನ್ನೊಂದು ಗಂಟೆಗೆ ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ತಿರುಗಾಡುವವರಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಇರಲಾರದು.

ಇದೆಲ್ಲ ಮುಂಬಯಿ, ಪುಣೆ, ಬೆಂಗಳೂರುಗಳ ಸಂಕಟ, ಹಳ್ಳಿಗಳಲ್ಲಿ ಹೊತ್ತು ಮುಳುಗಿದರೆ ಕೂಸು ತಾನಾಗಿ ಮಲಗುತ್ತದೆ ಎಂದು ನಂಬಿಕೊಂಡವರುಂಟು. ಅಂಥವರು ಕರ್ಜಗಿಯಂಥ ಊರಿನಲ್ಲಿ ಒಂದು ರಾತ್ರಿ ಇದ್ದು ನೋಡಬೇಕು. ಹಾವೇರಿ ತಾಲೂಕಿನ ಈ ಊರು ವರದಾ ನದಿಯ ಸೀಮೆಯದು. ಕಾರಹುಣ್ಣಿಮೆಯ ಸಂಭ್ರಮಕ್ಕೆ ಸುತ್ತಲ ಹತ್ತೂರುಗಳಲ್ಲಿ ಹೆಸರಾದದ್ದು. ಬ್ರಿಟಿಷರ ಆಳಿಕೆಯಲ್ಲಿ ಧಾರವಾಡ ಜಿಲ್ಲೆಯ ಒಂದು ತಾಲೂಕಿಗೇ ಇದರ ಹೆಸರಿತ್ತು, ಕಚೇರಿ ಮಾತ್ರ ಹಾವೇರಿಯಲ್ಲಿತ್ತು. ಹೆಸರು ಒಬ್ಬರದು, ಅಧಿಕಾರ ಇನ್ನೊಬ್ಬರದು ಎಂಬುದಕ್ಕೆ ಒಳ್ಳೆಯ ಉದಾಹರಣೆ. ಹುಬ್ಬಳ್ಳಿಯಿಂದ ದಾವಣಗೆರೆಗೆ ಹೋಗುವ ರೈಲುಹಾದಿಯಲ್ಲಿ ಇದೊಂದು ನಿಲ್ದಾಣ. ಇರುಳಿಡೀ ಗಾಡಿಗಳು ಹಾಯುತ್ತವೆ. ಆ ಸದ್ದಿಗೆ ಇಲ್ಲಿನ ಮಕ್ಕಳು ಎಚ್ಚರಗೊಳ್ಳುವುದಿಲ್ಲ. ಹುಟ್ಟಿದಂದಿನಿಂದ ಕೇಳಿದ ಸದ್ದು ಅದು, ನದಿಯ ಸಪ್ಪಳದಂತೆ. ಆದರೆ ರಾತ್ರಿ ಹತ್ತರ ಸುಮಾರಿಗೆ ಓಣಿಯಲ್ಲಿ ನಡೆದುಹೋದರೆ, ಹಿಂದೆ ಕಾಣದಿದ್ದ ಒಂದು ಬೆಳಕು ಕಿಟಕಿಗಳಲ್ಲಿ ಕಾಣುತ್ತದೆ. ನೀಲಿಯಾಗಿ ಮಿನುಗುವ ಬೆಳಕು. ಅದರ ಮುಂದೆ ಒಂದು ಸಣ್ಣ ಮುಖ, ಅರಳಿದ ಕಣ್ಣುಗಳು.

ಮೊದಲು ಲೆಕ್ಕ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಸೂಚನೆಯಂತೆ ಒಂದೆರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ತಾಸು, ಮೂರು ನಾಲ್ಕು ವರ್ಷದ ಮಗುವಿಗೆ 10ರಿಂದ 13 ತಾಸು ನಿದ್ದೆ ಬೇಕು. ಇದರಲ್ಲಿ ಹಗಲಿನ ನಿದ್ದೆಯೂ ಸೇರಿದೆ. ಅಮೆರಿಕೆಯ ನಿದ್ರಾವೈದ್ಯರ ಮಂಡಳಿಯು 2016ರಲ್ಲಿ ಹೇಳಿದಂತೆ ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ತಾಸು, ಹದಿಹರೆಯದವರಿಗೆ 8ರಿಂದ 10 ತಾಸು ಬೇಕು. ನಮ್ಮ ಎಂಟು ವರ್ಷದ ಹುಡುಗನೊಬ್ಬ ರಾತ್ರಿ ಹತ್ತೂವರೆಗೆ ಕಣ್ಣುಮುಚ್ಚಿ, ಏಳು ಗಂಟೆಯ ಶಾಲಾವಾಹನಕ್ಕಾಗಿ ಆರಕ್ಕೆ ಏಳುತ್ತಾನೆಂದು ಇಟ್ಟುಕೊಳ್ಳೋಣ. ಅವನಿಗೆ ದೊರೆತದ್ದು ಏಳೂವರೆ ತಾಸು. ಕನಿಷ್ಠಕ್ಕಿಂತ ದಿನಕ್ಕೆ ಒಂದೂವರೆ ತಾಸು ಕಡಿಮೆ. ವಾರದ ಆರು ಶಾಲಾದಿನಗಳಿಗೆ ಒಂಬತ್ತು ತಾಸು. ಎಂದರೆ ವಾರಕ್ಕೆ ಒಂದು ಇಡೀ ರಾತ್ರಿಯನ್ನು ಆ ಹುಡುಗ ಮಲಗದೆ ಕಳೆದಂತಾಯಿತು. ದೊಡ್ಡವರಲ್ಲಿ ಯಾರಾದರೂ ವಾರಕ್ಕೊಂದು ರಾತ್ರಿ ಜಾಗರಣೆ ಮಾಡಿ ಮರುದಿನ ಭಾಗಾಕಾರದ ಲೆಕ್ಕ ಬಿಡಿಸಲಿ ನೋಡೋಣ.

ಇಲ್ಲಿ ಶಿಕ್ಷಕರು ಗಮನಿಸತಕ್ಕ ಒಂದು ಮಾತಿದೆ. ನಿದ್ದೆಗೆಟ್ಟ ದೊಡ್ಡವನು ತೂಕಡಿಸುತ್ತಾನೆ; ನಿದ್ದೆಗೆಟ್ಟ ಮಗು ಅನೇಕ ವೇಳೆ ತೂಕಡಿಸುವುದಿಲ್ಲ, ಕುಣಿಯುತ್ತದೆ. ಚಡಪಡಿಸುತ್ತದೆ, ಸಣ್ಣದಕ್ಕೆ ಸಿಡುಕುತ್ತದೆ, ಪಕ್ಕದವನನ್ನು ಚಿವುಟುತ್ತದೆ, ಹಲಗೆಯತ್ತ ಎರಡು ನಿಮಿಷ ನೋಡಲಾರದು. ಅದನ್ನು ತುಂಟನೆಂದು ಕರೆದು ಬೆಂಚಿನ ಮೇಲೆ ನಿಲ್ಲಿಸುವ ಮೊದಲು, ನಿನ್ನೆ ಎಷ್ಟು ಹೊತ್ತಿಗೆ ಮಲಗಿದೆ ಎಂದು ಒಂದು ಪ್ರಶ್ನೆ ಕೇಳುವುದು ಕಷ್ಟವೇನಲ್ಲ.

ನಿದ್ದೆಯ ಬಗೆಗೆ ನಮ್ಮ ಸಂಸ್ಕೃತಿಯಲ್ಲಿ ಎರಡು ಬಗೆಯ ಮಾತುಗಳಿವೆ. ಚರಕಸಂಹಿತೆಯು ದೇಹವನ್ನು ಎತ್ತಿಹಿಡಿಯುವ ಮೂರು ಆಧಾರಗಳನ್ನು ಹೇಳುವಾಗ ಆಹಾರದ ಒಡನೆಯೇ ನಿದ್ರೆಯನ್ನು ಎಣಿಸಿತು. ಆದರೆ ಪಾಠಶಾಲೆಗಳಿಗೆ ಹಿಡಿಸಿದ್ದು ಇನ್ನೊಂದು ಮಾತು. ವಿದ್ಯಾರ್ಥಿಯ ಐದು ಲಕ್ಷಣಗಳಲ್ಲಿ ನಾಯಿಯ ನಿದ್ದೆಯೂ ಒಂದೆಂದು ಎಣಿಸಿದ ಸುಭಾಷಿತವನ್ನು ನಾವೆಲ್ಲ ಬಾಯಿಪಾಠ ಮಾಡಿದವರೇ. ಅರ್ಜುನನನ್ನು ಗುಡಾಕೇಶನೆಂದು, ನಿದ್ದೆಯನ್ನು ಗೆದ್ದವನೆಂದು, ಹೊಗಳುತ್ತೇವೆ. ಹೆಚ್ಚು ಮಲಗಿದವನು ಕುಂಭಕರ್ಣ. ಹೀಗೆ ನಿದ್ದೆ ಎಂದರೆ ಸೋಮಾರಿತನ, ಎಚ್ಚರವೆಂದರೆ ಪುರುಷಾರ್ಥ ಎಂಬ ಭಾವನೆ ಬೇರೂರಿತು. ಹತ್ತನೆಯ ಇಯತ್ತೆಯ ಪರೀಕ್ಷೆ ಹತ್ತಿರ ಬಂದಾಗ ಬೆಳಗಿನ ಐದಕ್ಕೇ ಗುರುಗಳು ದೂರವಾಣಿಯಲ್ಲಿ ಹುಡುಗರನ್ನು ಎಬ್ಬಿಸುವುದನ್ನು ನಾವು ಮೆಚ್ಚಿ ಮಾತಾಡುತ್ತೇವೆ. ಆ ಕಾಳಜಿಯಲ್ಲಿ ಕಪಟವಿಲ್ಲ. ಹುಡುಗ ಹಿಂದಿನ ರಾತ್ರಿ ಒಂಬತ್ತಕ್ಕೆ ಮಲಗಿದ್ದರೆ ಅದು ಉಪಕಾರವೂ ಹೌದು. ಹನ್ನೆರಡಕ್ಕೆ ಮಲಗಿದ್ದರೆ ಮಾತ್ರ ಓದಿದ್ದನ್ನು ನೆನಪಿನಲ್ಲಿ ಊರಿಸಬೇಕಾದ ನಿದ್ದೆಯನ್ನೇ ನಾವು ಕದ್ದಂತಾಗುತ್ತದೆ.

ನಿದ್ದೆ ಬರುವ ಬಗೆ ಹೇಗೆಂಬುದು ಈಗ ಬಹುಮಟ್ಟಿಗೆ ತಿಳಿದಿದೆ. ವಿಚಿತ್ರವೆಂದರೆ ನಿದ್ದೆಯ ಆಧುನಿಕ ಶಾಸ್ತ್ರವೇ ಒಬ್ಬ ಹುಡುಗನ ಹಾಸಿಗೆಯ ಬದಿಯಲ್ಲಿ ಹುಟ್ಟಿತೆನ್ನಬಹುದು. ಶಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಎಂಬ ಸಂಶೋಧಕ ತನ್ನ ಎಂಟು ವರ್ಷದ ಮಗನ ಕಣ್ಣಿನ ಬದಿಗೆ ತಂತಿಗಳನ್ನು ಅಂಟಿಸಿ ಮಲಗಿಸಿ, ಮಲಗಿದವನ ಕಣ್ಣುಗಳು ನಡುನಡುವೆ ವೇಗವಾಗಿ ಚಲಿಸುವುದನ್ನು ಕಂಡ. ಗುರು ಕ್ಲೈಟ್‌ಮನ್ನನೊಡನೆ 1953ರಲ್ಲಿ ಅದನ್ನು ಪ್ರಕಟಿಸಿದ. ಕನಸಿನ ನಿದ್ದೆ ಬೇರೆ, ಗಾಢ ನಿದ್ದೆ ಬೇರೆ ಎಂದು ಅಲ್ಲಿಂದ ಮುಂದೆ ಸ್ಪಷ್ಟವಾಯಿತು. ಹಗಲಿರುಳಿನ ಗಡಿಯಾರವೊಂದು ಪ್ರತಿಯೊಂದು ಜೀವಕೋಶದಲ್ಲಿಯೂ ನಡೆದಿದೆ ಎಂಬುದನ್ನು ತೋರಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಆ ಗಡಿಯಾರಕ್ಕೆ ಕೀಲಿ ಕೊಡುವುದು ಬೆಳಕು. ಕತ್ತಲಾಗುತ್ತ ಬಂದಂತೆ ಮಿದುಳಿನಲ್ಲಿ ಮೆಲಟೋನಿನ್ ಎಂಬ ರಸವು ಸ್ರವಿಸತೊಡಗಿ, ಮೈಯ ಕಾವು ಸ್ವಲ್ಪ ಇಳಿದು, ರೆಪ್ಪೆಗಳು ಭಾರವಾಗುತ್ತವೆ. ಬೆಳಕು ಬಿದ್ದರೆ ಆ ರಸ ನಿಲ್ಲುತ್ತದೆ. ಮಗುವಿನ ಕಣ್ಣಿನ ಪಾಪೆ ದೊಡ್ಡದು, ಮಸೂರ ತಿಳಿಯಾದದ್ದು. ದೊಡ್ಡವರ ಕಣ್ಣಿಗಿಂತ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಅಮೆರಿಕೆಯ ಕೊಲೊರಾಡೋ ವಿಶ್ವವಿದ್ಯಾಲಯದವರು ಮೂರರಿಂದ ಐದು ವರ್ಷದ ಹತ್ತು ಮಕ್ಕಳನ್ನು ಮಲಗುವ ಮೊದಲು ಒಂದು ತಾಸು ಪ್ರಖರವಾದ ಬೆಳಕಿನಲ್ಲಿ ಆಡಿಸಿ ನೋಡಿದರು. ಮೆಲಟೋನಿನ್ ನೂರಕ್ಕೆ 88ರಷ್ಟು ತಗ್ಗಿತ್ತೆಂದು 2018ರಲ್ಲಿ ಪ್ರಕಟಿಸಿದರು. ಹತ್ತೇ ಮಕ್ಕಳ ಪರೀಕ್ಷೆ ಎಂದು ಆಕ್ಷೇಪಿಸಬಹುದು; ಆದರೆ ದಿಕ್ಕು ಯಾವುದೆಂಬುದರಲ್ಲಿ ಸಂದೇಹವಿಲ್ಲ.

ಇದನ್ನು ಅರಿಯದೆಯೇ ನಮ್ಮ ಹಿಂದಿನ ಮನೆಗಳು ಅನುಸರಿಸುತ್ತಿದ್ದವು, ಏಕೆಂದರೆ ಅವುಗಳಿಗೆ ಬೇರೆ ಹಾದಿಯೇ ಇರಲಿಲ್ಲ. ಒಂದು ಕಂದೀಲು, ಅದರ ಕೆಂಪು ಬೆಳಕು, ಎಣ್ಣೆ ಉಳಿಸುವ ಆತುರ. ಹೊತ್ತು ಮುಳುಗಿದ ಮೇಲೆ ಮನೆಯೇ ಮೆಲ್ಲನಾಗುತ್ತಿತ್ತು. ತೊಟ್ಟಿಲು ತೂಗುವ ಕೈ, ಜೋಗುಳ ಹಾಡುವ ಕಂಠ, ಅದೇ ಕಥೆಯನ್ನು ನೂರನೆಯ ಸಲ ಹೇಳುವ ಅಜ್ಜಿ. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲುಗಳು ಇಂದಿಗೂ ಹೆಸರಾಗಿವೆ. ಅರಗಿನ ಬಣ್ಣದಲ್ಲಿ ರಾಮಾಯಣದ, ಕೃಷ್ಣಲೀಲೆಯ ಚಿತ್ರಗಳನ್ನು ಬರೆದ ಆ ತೊಟ್ಟಿಲುಗಳು ಒಂದೇ ಮನೆಯಲ್ಲಿ ಹಲವು ತಲೆಮಾರುಗಳನ್ನು ತೂಗಿವೆ. ತೂಗುವುದರಲ್ಲಿ ಏನಿದೆ ಎಂದು ಜಿನೀವಾ ವಿಶ್ವವಿದ್ಯಾಲಯದವರು ಹದಿನೆಂಟು ಮಂದಿ ತರುಣರನ್ನು ತೂಗುವ ಮಂಚದ ಮೇಲೆ ಮಲಗಿಸಿ ಪರೀಕ್ಷಿಸಿದರು. ನಾಲ್ಕು ಸೆಕೆಂಡಿಗೊಮ್ಮೆ ಮೆಲ್ಲನೆ ತೂಗಿದಾಗ ನಿದ್ದೆ ಬೇಗ ಬಂದಿತು, ಗಾಢವೂ ಆಯಿತು ಎಂದು 2019ರಲ್ಲಿ ಬರೆದರು. ನಮ್ಮ ಹಡೆದವ್ವಂದಿರಿಗೆ ಸೆಕೆಂಡಿನ ಲೆಕ್ಕ ಬೇಕಿರಲಿಲ್ಲ, ತ್ರಿಪದಿಯ ಗತಿಯೇ ಅವರ ಗಡಿಯಾರವಾಗಿತ್ತು.

ಕನ್ನಡ ಓದಿದವನಾಗಿ ಜೋಗುಳದ ಮೇಲೆ ಒಂದು ಕ್ಷಣ ನಿಲ್ಲುವುದು ನನ್ನ ಹಕ್ಕೆಂದು ತಿಳಿಯುತ್ತೇನೆ. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದಾಗ ಹೆಣ್ಣುಮಕ್ಕಳ ಹಾಡಿನ ಲೋಕಕ್ಕೆ ಮೊದಲ ಸಲ ಅಚ್ಚಿನ ಗೌರವ ದೊರೆಯಿತು. ಅಂಥ ಹಾಡುಗಳನ್ನು ಓದಿದವರಿಗೆ ಒಂದು ಸಂಗತಿ ಹೊಳೆಯದಿರದು. ತೊಟ್ಟಿಲ ಬದಿಯ ಹಾಡೆಲ್ಲ ಕೂಸಿಗೆ ಹೇಳಿದ ಮಾತಲ್ಲ. ತವರಿನ ನೆನಪು, ಅಣ್ಣನ ಹಾದಿ, ಹೊಲದ ದಣಿವು, ಅತ್ತೆಯ ಮುನಿಸು ಎಲ್ಲವೂ ಅಲ್ಲಿ ಬರುತ್ತವೆ. ಕೂಸಿಗೆ ಅದರ ಅರ್ಥ ಬೇಕಾಗಿಯೂ ಇಲ್ಲ. ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದವರು ಪರದೇಶಗಳ, ಅರಿಯದ ಭಾಷೆಗಳ ಜೋಗುಳಗಳನ್ನು ಹಸುಗೂಸುಗಳಿಗೆ ಕೇಳಿಸಿ ನೋಡಿದಾಗ ಅವುಗಳ ಎದೆಬಡಿತ ಇಳಿಯಿತೆಂಬುದು 2020ರ ಸುದ್ದಿ. ಹಾಗಿದ್ದರೆ ಜೋಗುಳದಿಂದ ಮಲಗುವುದು ಕೂಸಷ್ಟೇ ಅಲ್ಲ. ಹಾಡುತ್ತ ಹಾಡುತ್ತ ತಾಯಿಯ ಉಸಿರೂ ನಿಧಾನವಾಗುತ್ತದೆ. ದಿನದ ಸಿಟ್ಟು ಹಾಡಿನಲ್ಲಿ ಕರಗಿ ಹೋಗುತ್ತದೆ. ಆ ನಿಧಾನವಾದ ಮೈಗೆ ಆತುಕೊಂಡ ಕೂಸು ತಾನೂ ನಿಧಾನವಾಗುತ್ತದೆ. ನನ್ನ ತಿಳಿವಳಿಕೆಯಲ್ಲಿ ಇಡೀ ಪ್ರಶ್ನೆಯ ಕೀಲಿ ಇಲ್ಲಿದೆ. ಕೂಸಿಗೆ ನಿದ್ದೆ ಮಾಡೆಂದು ಆಜ್ಞೆ ಮಾಡಲಾಗದು. ಅದಕ್ಕೆ ನಾವು ಕೊಡಬಹುದಾದದ್ದು ಒಂದು ಸಂಜೆಯನ್ನು, ಅದರಲ್ಲಿ ಅವಸರವಿಲ್ಲದೆ ಕುಳಿತ ಒಬ್ಬ ಮನುಷ್ಯನನ್ನು. ಅದು ಕಳೆದುಹೋದಾಗ ನಿದ್ದೆಯೂ ಕಳೆಯುತ್ತದೆ.

ಆದರೆ ಹಳೆಯ ಸಂಜೆಯೆಲ್ಲ ಜೇನು, ಹಾಲು ಎಂದು ಹಾಡಿ ಹೊಗಳುವವರ ಗುಂಪಿಗೆ ನಾನು ಸೇರಲಾರೆ. ಸೊಳ್ಳೆ, ಹಸಿವು, ಜ್ವರ ಅಂದೂ ಇದ್ದವು. ಬಿಡುವಿಲ್ಲದ ತಾಯಿಯೂ ಇದ್ದಳು. ಆಕೆ ಕೂಸಿಗೆ ಏನು ಕೊಟ್ಟಳೆಂಬುದನ್ನು ಮರೆಯಬಾರದು. ಮುಂಬಯಿಯ ಬಟ್ಟೆಯ ಗಿರಣಿಗಳಲ್ಲಿ ದುಡಿಯುವ ಹೆಂಗಸರು ಪಾಳಿಗೆ ಹೋಗುವ ಮುನ್ನ ಹಸುಗೂಸಿಗೆ 'ಬಾಳಗೋಳಿ' ಎಂಬ ಅಫೀಮಿನ ಗುಳಿಗೆ ತಿನ್ನಿಸಿ ಮಲಗಿಸುತ್ತಿದ್ದುದನ್ನು 1920ರ ದಶಕದ ವೈದ್ಯವರದಿಗಳು ದಾಖಲಿಸಿವೆ. ನಮ್ಮ ಧಾರವಾಡ ಜಿಲ್ಲೆಯೂ ಆಗ ಅದೇ ಮುಂಬಯಿ ಇಲಾಖೆಯಲ್ಲಿತ್ತು. ವಿಲಾಯತಿಯ ಕಾರಖಾನೆಗಳ ಊರುಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಕೆಲಸವನ್ನು 'ಗಾಡ್‌ಫ್ರಿಯ ಕಾರ್ಡಿಯಲ್' ಎಂಬ ಅಫೀಮು ಬೆರೆತ ಪಾನಕ ಮಾಡಿತು. ಕೂಸು ಅಳಲಿಲ್ಲ, ಹಾಲನ್ನೂ ಕುಡಿಯಲಿಲ್ಲ, ಎಷ್ಟೋ ಕೂಸುಗಳು ಏಳಲೇ ಇಲ್ಲ. ಆ ತಾಯಂದಿರು ಕ್ರೂರಿಗಳಾಗಿರಲಿಲ್ಲ. ಅವರ ಬಳಿ ಹೊತ್ತಿರಲಿಲ್ಲ.

ಇಂದು ಅಳುವ ಕೂಸಿನ ಕೈಗೆ ಕೊಡುವ ಮೊಬೈಲು ಆ ಗುಳಿಗೆಯ ವಂಶದ್ದೇ. ವಿಷವೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಕೆಲಸ ಮಾತ್ರ ಅದೇ. ಹೊತ್ತಿಲ್ಲದ ಕಡೆ ಹೊತ್ತನ್ನು ಹುಟ್ಟಿಸಿ ಕೊಡುತ್ತದೆ. ಗುಳಿಗೆಗಿಂತ ಒಂದು ವಿಷಯದಲ್ಲಿ ಹಿಂದೆ ಸಹ: ಗುಳಿಗೆ ಕೂಸನ್ನು ಮಲಗಿಸುತ್ತಿತ್ತು, ಇದು ಸುಮ್ಮನಿರಿಸಿ ಎಚ್ಚರವಾಗಿಯೇ ಇಡುತ್ತದೆ. ಒಂದು ಚಿತ್ರ ಮುಗಿಯುವ ಮೊದಲೇ ಇನ್ನೊಂದು ತಾನಾಗಿ ಬರುವಂತೆ ಅದನ್ನು ಹೆಣೆದಿದ್ದಾರೆ. ಅಜ್ಜಿಯ ಕಥೆಗೆ ಕೊನೆಯಿತ್ತು. ಅಜ್ಜಿಗೂ ನಿದ್ದೆ ಬರುತ್ತಿತ್ತು. ಭಾರತೀಯ ಮಕ್ಕಳ ವೈದ್ಯರ ಸಂಘವು 2021ರಲ್ಲಿ ಸಿದ್ಧಪಡಿಸಿದ ಸೂಚನೆಯಲ್ಲಿ ಎರಡು ವರ್ಷದೊಳಗಿನ ಮಗುವಿಗೆ ಇಂಥ ಪರದೆ ಬೇಡವೇ ಬೇಡ, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ತಾಸು ಮೀರಬಾರದು, ಅದೂ ದೊಡ್ಡವರ ಜೊತೆಯಲ್ಲಿ, ಎಂದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಯಂತ್ರವ್ಯಸನಕ್ಕೆ ಬಿದ್ದವರಿಗಾಗಿ 2014ರಲ್ಲಿಯೇ ಪ್ರತ್ಯೇಕ ಚಿಕಿತ್ಸಾಲಯ ತೆರೆಯಬೇಕಾಯಿತು. ಸೂಚನೆಗಳಿಗೆ ಬರವಿಲ್ಲ. ಅದನ್ನು ಪಾಲಿಸುವ ಸಂಜೆ ಯಾರ ಬಳಿಯಿದೆ ಎಂಬುದು ಪ್ರಶ್ನೆ.

ನಮ್ಮ ಜಿಲ್ಲೆಯನ್ನೇ ನೋಡಿ. ರಾಣೆಬೆನ್ನೂರಿನ ಸುತ್ತ ಬೀಜೋತ್ಪಾದನೆಯ ಹೊಲಗಳಿವೆ. ಹತ್ತಿಯ ಸಂಕರ ಬೀಜ ಮಾಡುವಾಗ ಮಧ್ಯಾಹ್ನದಿಂದ ಸಂಜೆಯವರೆಗೆ ಮೊಗ್ಗಿನ ಕೇಸರ ಕೀಳಬೇಕು, ಮರುದಿನ ಮುಂಜಾನೆ ಪರಾಗ ಮುಟ್ಟಿಸಬೇಕು. ಅದಕ್ಕೆ ಹೆಂಗಸರ ಬೆರಳೇ ಬೇಕು. ಬ್ಯಾಡಗಿಯ ಮೆಣಸಿನಕಾಯಿಯ ಪೇಟೆಗೆ ಹಂಗಾಮು ಬಂದರೆ ತೊಟ್ಟು ಬಿಡಿಸುವ ಕೆಲಸಕ್ಕೆ ಓಣಿಓಣಿಯ ಹೆಣ್ಣುಮಕ್ಕಳು ಹೋಗುತ್ತಾರೆ. ಹೊತ್ತು ಮುಳುಗಿದ ಮೇಲೆ, ಕೈಯುರಿ ಆರುವ ಮುನ್ನ, ಮನೆಗೆ ಬಂದು ಒಲೆ ಹೊತ್ತಿಸುವಾಕೆಗೆ ಮಗುವಿಗೆ ಮೊಬೈಲು ಕೊಡಬೇಡವ್ವ ಎಂದು ಉಪದೇಶಿಸುವುದು ಸುಲಭ. ಇನ್ನು ಗಂಡಸು. ಪಂಪುಸೆಟ್ಟುಗಳಿಗೆ ದಿನಕ್ಕೆ 7 ತಾಸು ತ್ರಿಫೇಸ್ ವಿದ್ಯುತ್ತು ಎಂಬುದು ರಾಜ್ಯದ ನೀತಿ. ಅದು ಪಾಳಿಯಲ್ಲಿ ಬರುವಾಗ ರಾತ್ರಿಯ ಪಾಲೂ ಬರುತ್ತದೆ. ಆಗ ಅಪ್ಪ ಬ್ಯಾಟರಿ ಹಿಡಿದು ಹೊಲಕ್ಕೆ ನಡೆಯುತ್ತಾನೆ. ಅಪ್ಪ ಹಾವು ಹರಿದಾಡುವ ಕತ್ತಲೆಗೆ ಹೋದುದನ್ನು ಕಂಡ ಮಗು ಕಣ್ಣುಬಿಟ್ಟುಕೊಂಡು ಮಲಗಿದ್ದರೆ ಅದಕ್ಕೆ ನಿದ್ರಾರೋಗವೆಂದು ಹೆಸರಿಡುವುದು ಉಚಿತವೆ? ಹಗಲಿನಲ್ಲಿ ವಿದ್ಯುತ್ತು ಕೊಡಿ ಎಂದು ರೈತರು ಕೂಗುವಾಗ ಅದರಲ್ಲಿ ಕೂಸಿನ ನಿದ್ದೆಯ ಬೇಡಿಕೆಯೂ ಅಡಗಿದೆ ಎಂದು ನನಗನ್ನಿಸುತ್ತದೆ.

ಹಾಗೆಂದು ಮನೆಯಲ್ಲಿ ಮಾಡಬಹುದಾದದ್ದು ಏನೂ ಇಲ್ಲವೆಂದಲ್ಲ. ಬಹಳಷ್ಟಿದೆ, ಮತ್ತು ಅದಕ್ಕೆ ಹಣ ಬೇಡ. ಮೊದಲು ಚಹದ ಮಾತು. ನಮ್ಮ ಕಡೆ ನಾಲ್ಕು ವರ್ಷದ ಮಗುವಿಗೂ ಸಂಜೆ ಬಸಿಯಲ್ಲಿ ಚಹ ಸುರಿದುಕೊಟ್ಟು, ಅದು ಸೊರ್ರೆಂದು ಕುಡಿಯುವುದನ್ನು ನೋಡಿ ಸಂತೋಷಪಡುವ ರೂಢಿಯಿದೆ. ಚಹದಲ್ಲಿರುವ ಕೆಫೀನಿನ ಅರ್ಧಭಾಗ ಮೈಯಿಂದ ಇಳಿಯಲು ಸುಮಾರು ಐದು ತಾಸು ಬೇಕು. ಸಂಜೆ ಆರರ ಚಹ ರಾತ್ರಿ ಹನ್ನೊಂದಕ್ಕೂ ಅರ್ಧ ಎಚ್ಚರವಾಗಿರುತ್ತದೆ. ಅದನ್ನು ನಿಲ್ಲಿಸಿದ ಮಾತ್ರಕ್ಕೆ ಕೆಲವು ಮನೆಗಳ ಕಷ್ಟ ಅರ್ಧಕ್ಕಿಳಿದೀತು. ಬಾಟಲಿಯ ಕಪ್ಪು ಪಾನಕಗಳಿಗೂ ಇದೇ ಮಾತು.

ಎರಡನೆಯದು ಏಳುವ ಹೊತ್ತು. ಮಲಗುವ ಹೊತ್ತನ್ನು ಸರಿಪಡಿಸಬೇಕೆಂದು ಎಲ್ಲರೂ ಹೆಣಗುತ್ತಾರೆ. ಕೈಗೆ ಸಿಕ್ಕುವುದು ಏಳುವ ಹೊತ್ತು. ರವಿವಾರವೂ ಸೇರಿ ಒಂದೇ ಹೊತ್ತಿಗೆ ಎಬ್ಬಿಸಿ, ಮುಂಜಾವಿನ ಬಿಸಿಲಿನಲ್ಲಿ ಆಡಲು ಬಿಟ್ಟರೆ ಒಳಗಿನ ಗಡಿಯಾರ ತಾನಾಗಿ ಸರಿಗೊಳ್ಳುತ್ತ ಬರುತ್ತದೆ. ಐದು ವರ್ಷ ದಾಟಿದ ಮಗು ಶಾಲೆಯಿಂದ ಬಂದು ಸಂಜೆ ಐದರಿಂದ ಏಳರವರೆಗೆ ಮಲಗಿದರೆ ರಾತ್ರಿಯ ನಿದ್ದೆಯ ಬಂಡವಾಳವನ್ನು ಆಗಲೇ ಖರ್ಚುಮಾಡಿದಂತೆ. ಅದರ ಬದಲು ಬಯಲಿನಲ್ಲಿ ಓಡಲಿ.

ಇನ್ನು ನಿಜವಾಗಿ ಹತ್ತೂವರೆಗಷ್ಟೇ ನಿದ್ದೆ ಬರುವ ಮಗುವನ್ನು ನಾಳೆಯಿಂದ ಎಂಟೂವರೆಗೆ ಮಲಗಿಸುತ್ತೇನೆಂದು ಪಣತೊಟ್ಟರೆ ಎರಡು ತಾಸಿನ ಯುದ್ಧ ನಿಶ್ಚಿತ. ಆ ಯುದ್ಧದಿಂದ ಮಗು ಕಲಿಯುವುದು ಹಾಸಿಗೆ ಎಂದರೆ ಹೊರಳಾಡುವ, ಬೈಸಿಕೊಳ್ಳುವ ಜಾಗ ಎಂಬುದನ್ನು. ಬಲ್ಲವರು ಬೇರೆ ಹಾದಿ ಹೇಳುತ್ತಾರೆ. ಮೊದಲು ಹತ್ತೂಕಾಲಕ್ಕೇ ಹಾಸಿಗೆಗೆ ಕರೆದೊಯ್ಯಿರಿ. ಬೇಗನೆ ಕಣ್ಣುಮುಚ್ಚುವ ರೂಢಿಯಾಗಲಿ. ಮೂರು ನಾಲ್ಕು ದಿನವಾದ ಮೇಲೆ ಹತ್ತು ಗಂಟೆ, ಆಮೇಲೆ ಒಂಬತ್ತೂಮುಕ್ಕಾಲು. ಹೀಗೆ ಕಾಲು ಕಾಲು ತಾಸು ಹಿಂದಕ್ಕೆ ಸರಿಸುತ್ತ ತಿಂಗಳೊಪ್ಪತ್ತಿನಲ್ಲಿ ಬೇಕಾದ ಹೊತ್ತಿಗೆ ಬರಬಹುದು. ಎತ್ತಿಗೆ ನೊಗ ರೂಢಿಮಾಡಿಸಿದ ನಮ್ಮ ರೈತರಿಗೆ ಈ ತಾಳ್ಮೆಯನ್ನು ಯಾರೂ ಕಲಿಸಬೇಕಾಗಿಲ್ಲ.

ಮಲಗುವ ಮೊದಲಿನ ಅರ್ಧ ತಾಸು ದಿನವೂ ಒಂದೇ ಬಗೆಯಾಗಿರಬೇಕು. ಅಮೆರಿಕೆಯ ಜೋಡಿ ಮಿಂಡೆಲ್ ಮತ್ತು ಸಂಗಡಿಗರು 2009ರಲ್ಲಿ ಎಳೆಯ ಮಕ್ಕಳುಳ್ಳ 405 ತಾಯಂದಿರನ್ನು ಸೇರಿಸಿ, ಮೀಸುವುದು, ಮೈ ನೀವುವುದು, ಮೆಲ್ಲನೆ ಹಾಡುವುದು ಅಥವಾ ಮಾತಾಡುವುದು, ದೀಪ ಆರಿಸುವುದು ಎಂಬ ಕ್ರಮವನ್ನು ಎರಡು ವಾರ ತಪ್ಪದೆ ನಡೆಸಲು ಹೇಳಿದರು. ಮಕ್ಕಳು ಬೇಗ ಮಲಗಿದರು, ನಡುರಾತ್ರಿ ಏಳುವುದು ಕಡಿಮೆಯಾಯಿತು; ತಾಯಂದಿರ ಮನಸ್ಸೂ ಹಗುರಾಯಿತಂತೆ. ಈ ಕ್ರಮ ನಮಗೆ ಹೊಸದಲ್ಲ. ಕೈಕಾಲು ತೊಳೆದು, ಅಂಗಾಲಿಗೆ ಎಣ್ಣೆ ತಿಕ್ಕಿ, ಹೊದಿಕೆ ಹೊದಿಸಿ, ಮೊಮ್ಮಗನ ಬೆನ್ನು ತಟ್ಟಿದ ಅಜ್ಜಿ ಯಾವ ಪ್ರಬಂಧವನ್ನೂ ಓದಿರಲಿಲ್ಲ. ಮಕ್ಕಳು ಅದೇ ಕಥೆಯನ್ನು ಅದೇ ಮಾತುಗಳಲ್ಲಿ ಮತ್ತೆ ಮತ್ತೆ ಕೇಳುವುದನ್ನು ಹೆತ್ತವರು ಬೇಸರಿಸಬಾರದು. ಮುಂದೇನೆಂದು ಗೊತ್ತಿರುವ ಕಥೆಯೇ ನಿದ್ದೆಗೆ ಹಿತ. ಮುಂದೇನೆಂದು ಕಾತರ ಹುಟ್ಟಿಸುವ ಕಥೆ ಹಗಲಿಗೆ. ಟಿ.ವಿ.ಯ ಧಾರಾವಾಹಿಗಳು ಪ್ರತಿ ರಾತ್ರಿ ಕಾತರದಲ್ಲಿಯೇ ನಿಲ್ಲುತ್ತವೆ, ಅದು ಅವುಗಳ ವ್ಯಾಪಾರ. ಬೆನ್ನು ತಟ್ಟುವುದನ್ನು ಅಪ್ಪನೂ ಮಾಡಬಹುದೆಂದು ಇಲ್ಲಿಯೇ ಹೇಳಿಬಿಡುತ್ತೇನೆ. ಜೋಗುಳ ಹೆಂಗಸರದೇ ಎಂದು ಯಾವ ಶಾಸ್ತ್ರದಲ್ಲಿಯೂ ಬರೆದಿಲ್ಲ.

ಪಾಶ್ಚಾತ್ಯರಲ್ಲಿ ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿ, ಅತ್ತರೆ ಸ್ವಲ್ಪ ಸ್ವಲ್ಪವೇ ಹೊತ್ತು ಹೆಚ್ಚಿಸುತ್ತ ಕಾಯ್ದು, ಆಮೇಲೆ ಹೋಗಿ ನೋಡುವ ಪದ್ಧತಿ ಪ್ರಸಿದ್ಧವಾಗಿದೆ. ಬಾಸ್ಟನ್ನಿನ ವೈದ್ಯ ರಿಚರ್ಡ್ ಫರ್ಬರ್ 1985ರಲ್ಲಿ ಬರೆದ ಪುಸ್ತಕದಿಂದ ಅದಕ್ಕೆ ಪ್ರಚಾರ ದೊರೆಯಿತು. ಅದನ್ನು ಕ್ರೌರ್ಯವೆಂದು ನಾನು ಕರೆಯಲಾರೆ. ಪ್ರಯೋಗಗಳಲ್ಲಿ ಅದು ಫಲಿಸಿದ್ದೂ ಉಂಟು. ಆದರೆ ಒಂದೇ ಪಡಸಾಲೆಯಲ್ಲಿ ಆರು ಮಂದಿ ಮಲಗುವ ಮನೆಗೆ ಅದು ಹೊಂದದು. ಅಳುವ ಕೂಸಿನೊಡನೆ ಓಣಿಯೇ ಎದ್ದು ಕೂಡುತ್ತದೆ. ನಮ್ಮ ಮನೆಗಳಲ್ಲಿ ಬಗ್ಗಲಲ್ಲಿ ಒಬ್ಬರು ಮಲಗುವುದೇ ಔಷಧ.

ಹೆದರಿಕೆಯ ಮಾತು ಬೇರೆಯೇ ಇದೆ. ಮಲಗದಿದ್ದರೆ ಗುಮ್ಮ ಬರುತ್ತಾನೆ ಎಂದು ಹೆದರಿಸುವ ಚಾಳಿ ಹಳೆಯದು. ಗುಮ್ಮನನ್ನು ಕರೆಯಬೇಡವೆಂದು ಬಾಲಕೃಷ್ಣನು ತಾಯಿಯನ್ನು ಅಂಗಲಾಚುವ ಪುರಂದರದಾಸರ ಪದ ಎಲ್ಲರ ನಾಲಗೆಯ ಮೇಲಿದೆ. ಅದನ್ನು ತಾಯಿಯ ತಮಾಷೆಯೆಂದು ಹಾಡುತ್ತೇವೆ. ಕೃಷ್ಣನ ಕಡೆಯಿಂದ ಕೇಳಿ ನೋಡಿದರೆ ಅದು ಹೆದರಿದ ಮಗುವಿನ ಒಡಂಬಡಿಕೆಯ ಮಾತು: ಹಟ ಬಿಡುತ್ತೇನೆ, ಅವನನ್ನು ಮಾತ್ರ ಕರೆಯಬೇಡ. ಮೂರರಿಂದ ಆರು ವರ್ಷದ ಮಗುವಿಗೆ ಕತ್ತಲೆಯಲ್ಲಿ ಗುಮ್ಮನು ನಿಜವಾಗಿಯೂ ಇರುತ್ತಾನೆ. ಅಂಥದೇನೂ ಇಲ್ಲ, ಸುಮ್ಮನೆ ಮಲಗು ಎಂದು ಗದರಿಸಿದರೆ ಗುಮ್ಮನ ಜೊತೆಗೆ ಒಂಟಿತನವೂ ಸೇರುತ್ತದೆ. ಏನು ಕಂಡಿತೆಂದು ಕೇಳಿ, ಒಂದು ಸಣ್ಣ ಕೆಂಪು ದೀಪವಿಟ್ಟು, ಸ್ವಲ್ಪ ಹೊತ್ತು ಕೈ ಹಿಡಿದು ಕೂತರೆ ಸಾಕು.

ಕೆಲವು ಮಕ್ಕಳ ನಿದ್ದೆಗೇಡಿಗೆ ಮೈಯೊಳಗೇ ಕಾರಣವಿರುತ್ತದೆ. ಅದನ್ನು ಹಾಡಿನಿಂದ ಕಳೆಯಲಾಗದು. ಬಾಯಿ ತೆರೆದು ಗೊರಕೆ ಹೊಡೆಯುವ ಮಗುವಿಗೆ ಗಂಟಲಿನ ಗ್ರಂಥಿಗಳು ಊದಿರಬಹುದು. ರಾತ್ರಿ ಗುದದ್ವಾರ ಕೆರೆದುಕೊಳ್ಳುತ್ತಿದ್ದರೆ ದಾರದ ಹುಳ. ಕಾಲು ಸೆಳೆಯುತ್ತದೆ, ಆಡಿಸದೆ ಇರಲಾಗದು ಎನ್ನುವ ಮಗುವಿನಲ್ಲಿ ಕಬ್ಬಿಣದ ಅಂಶ ಕಡಿಮೆಯಿರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಕಂಡುಬಂದಿದ್ದನ್ನು ನೆನೆದರೆ ಈ ಕೊನೆಯ ಮಾತನ್ನು ಹಗುರಾಗಿ ಎಣಿಸಲಾಗದು. ಇವೆಲ್ಲಕ್ಕೂ ವೈದ್ಯರಿದ್ದಾರೆ. ಆದರೆ ಮಲಗಿಸುವುದಕ್ಕೆಂದು ಕೆಮ್ಮಿನ, ನೆಗಡಿಯ ಔಷಧದ ಒಂದು ಚಮಚ ಕುಡಿಸುವುದು ಬಾಳಗೋಳಿಯ ಇನ್ನೊಂದು ಅವತಾರ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಕೂಡಿದ ನೆಗಡಿಯ ಮಿಶ್ರಣವನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಕೂಡದೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಆಜ್ಞೆ ಮಾಡಿದ್ದಾರೆ. ಮನೆಯ ಗೂಡಿನಲ್ಲಿರುವ ಬಾಟಲಿಗಳನ್ನು ಒಮ್ಮೆ ಓದಿ ನೋಡುವುದು ಒಳ್ಳೆಯದು.

ಮನೆಯ ಹೊಸ್ತಿಲು ದಾಟಿದರೆ ಊರಿನ ರಾತ್ರಿ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಮುಂಜಾನೆ 6ರವರೆಗೆ ವಾಸದ ಪ್ರದೇಶದಲ್ಲಿ ಸದ್ದು 45 ಡೆಸಿಬೆಲ್ ಮೀರಬಾರದು. ಆ ಹೊತ್ತಿನಲ್ಲಿ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಗಟ್ಟಿಯಾಗಿ ಹೇಳಿತು. ನಿದ್ದೆಯೂ ಜೀವಿಸುವ ಹಕ್ಕಿನ ಒಂದು ಭಾಗವೆಂದು ಅದೇ ನ್ಯಾಯಾಲಯ 2012ರಲ್ಲಿ ಎತ್ತಿಹಿಡಿಯಿತು. ವರ್ಷಕ್ಕೆ ಹೆಚ್ಚೆಂದರೆ ಹದಿನೈದು ಹಬ್ಬದ ದಿನ ನಡುರಾತ್ರಿಯವರೆಗೆ ರಾಜ್ಯವು ಸಡಿಲಿಕೆ ಕೊಡಬಹುದು. ಅದು ನ್ಯಾಯವೇ. ಕಾರಹುಣ್ಣಿಮೆಯ ರಾತ್ರಿ ಕರ್ಜಗಿಯ ಮಕ್ಕಳು ಬೇಗ ಮಲಗಬೇಕೆಂದು ಹೇಳುವವನು ಅರಸಿಕ. ಬಂಡಿಯ ಸದ್ದು, ಎತ್ತಿನ ಕೊರಳ ಗೆಜ್ಜೆ ಕೇಳಿ ಎದ್ದ ಮಗು ಮರುದಿನ ತಾನೇ ಆ ಸಾಲ ತೀರಿಸಿಕೊಳ್ಳುತ್ತದೆ. ಕಷ್ಟವಿರುವುದು ಹಬ್ಬವಲ್ಲದ ದಿನಗಳಲ್ಲಿ. ಮದುವೆಯ ಮೆರವಣಿಗೆ, ಚುನಾವಣೆಯ ವಿಜಯೋತ್ಸವ, ಯಾವನೋ ಒಬ್ಬ ಮುಂದಾಳುವಿನ ಹುಟ್ಟುಹಬ್ಬ, ಎಲ್ಲದಕ್ಕೂ ಎದೆ ನಡುಗಿಸುವ ಪೆಟ್ಟಿಗೆಗಳು. ದೂರು ಕೊಡುವವನು ಊರಿನ ವೈರಿ. ನಿಯಮ ತಿಳಿದ ಗುರುಗಳೂ ಕೆಟ್ಟವರೆನಿಸಿಕೊಳ್ಳಬಾರದೆಂದು ಕಿಟಕಿ ಮುಚ್ಚಿಕೊಳ್ಳುತ್ತಾರೆ. ತೊಟ್ಟಿಲಲ್ಲಿರುವ ಕೂಸಿಗೆ ಮುಚ್ಚಿಕೊಳ್ಳಲು ಕೈ ಸಾಲದು, ದೂರು ಬರೆಯಲು ಅಕ್ಷರ ಬಾರದು.

ಮಹಾರಾಷ್ಟ್ರದ ಆಜ್ಞೆಯಂಥದು ನಮ್ಮಲ್ಲಿ ಬರಲಿ ಎಂದು ಕೆಲವರು ಬಯಸುತ್ತಾರೆ. ಬಂದರೆ ನಾನು ವಿರೋಧಿಸಲಾರೆ. ಆದರೆ ಒಂಬತ್ತಕ್ಕೆ ಶಾಲೆಯೆಂದು ತಿಳಿದೊಡನೆ ರಾತ್ರಿಯ ಪರದೆ ಇನ್ನೊಂದು ತಾಸು ಉರಿದರೆ ಲಾಭವೇನು ಬಂತು? ಅದಕ್ಕಿಂತ ಮೊದಲು ಮಾಡಬಹುದಾದದ್ದು ಹಲವಿವೆ. ಶಾಲೆಯ ಪಾಲಕರ ಸಭೆಯಲ್ಲಿ ಅಂಕಗಳ ಮಾತಿನ ಜೊತೆ ಮಲಗುವ ಹೊತ್ತಿನ ಮಾತು ಬರಲಿ. ಅಂಗನವಾಡಿಯಲ್ಲಿ ತೂಕದ ಪುಸ್ತಕ ತೆರೆದಾಗ ನಿದ್ದೆಯನ್ನೂ ಕೇಳಲಿ. ಮನೆಗೆಲಸದ ಹೆಸರಿನಲ್ಲಿ ರಾತ್ರಿ ಎಂಟರ ಮೇಲೆ ಮೊಬೈಲಿಗೆ ಪಾಠ ಕಳಿಸುವುದನ್ನು ಶಾಲೆಗಳು ನಿಲ್ಲಿಸಲಿ. ಆ ನೆಪದಿಂದಲೇ ಎಷ್ಟೋ ಮನೆಗಳಲ್ಲಿ ಯಂತ್ರವು ಮಗುವಿನ ಹಾಸಿಗೆ ಸೇರಿದೆ. ಗ್ರಾಮಸಭೆಯಲ್ಲಿ ಗಟಾರು, ಬೀದಿದೀಪಗಳ ಬಳಿಕ ಹತ್ತು ಗಂಟೆಯ ಸದ್ದಿನ ವಿಷಯವನ್ನು ಯಾರಾದರೂ ಎತ್ತಲಿ, ನೀರಾವರಿಯ ವಿದ್ಯುತ್ತನ್ನು ಹಗಲಿಗೆ ತರುವ ಠರಾವೂ ಅದೇ ದಿನ ಆಗಲಿ. ಬರುವ ಗ್ರಾಮಸಭೆಗೆ ಹೋಗುವ ತಾಯಂದಿರು ಕೂಸನ್ನು ಸಂಗಡ ಕರೆದೊಯ್ದರೆ ಮಾತಿಗೆ ಸಾಕ್ಷಿಯೂ ಸಿಕ್ಕಂತಾದೀತು. ಹಗಲು ಹನ್ನೊಂದು ಗಂಟೆಯ ಸಭೆಯಲ್ಲಿ ಅದು ಹೆಗಲ ಮೇಲೆ ಗಾಢವಾಗಿ ಮಲಗಿರುತ್ತದೆ.